ರೆಕ್ಕೆ ಬಾಗಿಲಿನ ಎಲೆಕ್ಟ್ರಿಕ್ ಎಸ್‌ಯುವಿ: ಕೊಳ್ಳುವವರೂ ಕೊಂಡವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಟೆಸ್ಲಾ ಮಾಡೆಲ್ ಎಕ್ಸ್ ನೋಡಿದವರು ಮೊದಲು ಕೇಳುವುದು ಬ್ಯಾಟರಿಯ ವಿಷಯವನ್ನಲ್ಲ. "ಆ ಹಿಂದಿನ ಬಾಗಿಲು ಒಮ್ಮೆ ಎತ್ತಿ ತೋರಿಸಿ" ಅನ್ನುತ್ತಾರೆ. ತಪ್ಪೇನಿಲ್ಲ, ಈ ಕಾರಿನ ಮುಕ್ಕಾಲು ಪಾಲು ಗುಣವೂ ಮುಕ್ಕಾಲು ಪಾಲು ತಲೆನೋವೂ ಆ ಬಾಗಿಲಲ್ಲೇ ಇವೆ. ಆದ್ದರಿಂದ ಇಲ್ಲಿನ ಉತ್ತರಗಳಲ್ಲಿ ಬಾಗಿಲಿಗೇ ಹೆಚ್ಚು ಜಾಗ. ಮೋಟಾರು, ಸ್ಕ್ರೀನು, ವೇಗದ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ.

ಫಾಲ್ಕನ್ ವಿಂಗ್ ಬಾಗಿಲು ಅಂದರೆ ಏನು? ಹಳೆಯ ಗಲ್‌ವಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ?

ಗಲ್‌ವಿಂಗ್ ಅಂದರೆ ಕಡಲಕ್ಕಿಯ ರೆಕ್ಕೆ. 1954ರ ಮರ್ಸಿಡಿಸ್ 300 ಎಸ್‌ಎಲ್, 1981ರ ಡಿಲೋರಿಯನ್ ಕಾರುಗಳಲ್ಲಿ ಇದ್ದದ್ದು ಅದು. ಅದರಲ್ಲಿ ಕೀಲು ಒಂದೇ, ಚಾವಣಿಯ ಅಂಚಿನಲ್ಲಿ. ಇಡೀ ಬಾಗಿಲು ಒಂದು ಹಲಗೆಯಂತೆ ಹೊರಕ್ಕೆ ಬೀಸಿ ಮೇಲೇಳುತ್ತದೆ.

ಫಾಲ್ಕನ್ ವಿಂಗ್, ಅಂದರೆ ಡೇಗೆಯ ರೆಕ್ಕೆಗೆ ಕೀಲು ಎರಡು. ಒಂದು ಚಾವಣಿಯ ನಡುಭಾಗದ ಹತ್ತಿರ, ಇನ್ನೊಂದು ಬಾಗಿಲಿನಲ್ಲೇ, ಚಾವಣಿ ಮುಗಿದು ಪಕ್ಕದ ಗಾಜು ಶುರುವಾಗುವ ಭುಜದ ಬಳಿ. ನಮ್ಮ ತೋಳು ಹೇಗೋ ಹಾಗೆ: ಭುಜವೂ ಮಡಿಯುತ್ತದೆ, ಮೊಣಕೈಯೂ ಮಡಿಯುತ್ತದೆ. ಪಕ್ಕದಲ್ಲಿ ಜಾಗ ಕಡಿಮೆ ಇದ್ದರೆ ಬಾಗಿಲು ಕೆಳಭಾಗವನ್ನು ಒಳಕ್ಕೆ ಮಡಚಿಕೊಂಡು ನೇರ ಮೇಲೇಳುತ್ತದೆ, ಎತ್ತರ ಸಾಕಾದ ಮೇಲೆ ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ಎಷ್ಟು ಮಡಿಯಬೇಕು, ಎಷ್ಟು ಬಿಚ್ಚಬೇಕು ಎಂದು ಸೆನ್ಸರುಗಳು ನೋಡಿ ಹೇಳುತ್ತವೆ.

ಇಷ್ಟೆಲ್ಲ ಯಾಕೆ? ಸಾಮಾನ್ಯ ಬಾಗಿಲು ಇಟ್ಟಿದ್ದರೆ ಆಗುತ್ತಿರಲಿಲ್ಲವೇ?

ಆಗುತ್ತಿತ್ತು. ಸರಿಸುವ ಬಾಗಿಲಿನ ವ್ಯಾನ್ ಇದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ, ಇದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ. ಆದರೂ ಮಾಡೆಲ್ ಎಕ್ಸ್ ಬಾಗಿಲಿನ ಹಿಂದೆ ಒಂದು ನಿಜವಾದ ಯೋಚನೆ ಇದೆ. ಮಗುವಿನ ಸೀಟನ್ನು ನಡುಸಾಲಿನಲ್ಲಿ ಕಟ್ಟಿದ ಯಾರಿಗಾದರೂ ಗೊತ್ತು: ಬಾಗಿಲಿಗೂ ಪಕ್ಕದ ಕಾರಿಗೂ ನಡುವೆ ಸಿಕ್ಕಿಕೊಂಡು, ಸೊಂಟ ತಿರುಚಿ, ಚಾವಣಿಗೆ ತಲೆ ತಾಗಿಸಿಕೊಂಡು ನಿದ್ದೆಯಲ್ಲಿರುವ ಮಗುವನ್ನು ಎಚ್ಚರವಾಗದಂತೆ ಕೂರಿಸುವುದು ಒಂದು ಕಸರತ್ತು. ಇಲ್ಲಿ ಬಾಗಿಲಿನ ಜೊತೆ ಚಾವಣಿಯ ಒಂದು ತುಂಡೂ ಎದ್ದು ಹೋಗುವುದರಿಂದ ನೀವು ನೆಟ್ಟಗೆ ನಿಂತೇ ಮಗುವನ್ನು ಇಳಿಸಬಹುದು. ಮೂರನೆಯ ಸಾಲಿಗೆ ಹೋಗುವವರಿಗೂ ಬಾಯಿ ದೊಡ್ಡದು. ನಡುಸಾಲಿನಲ್ಲಿ ಮಕ್ಕಳ ಸೀಟು ಕಟ್ಟಿಯೇ ಇದ್ದರೂ ಹಿಂದಕ್ಕೆ ದಾಟಲು ಜಾಗ ಸಿಗುತ್ತದೆ.

ಮೊಣಕಾಲು ನೋವಿರುವ ಹಿರಿಯರಿಗೂ ಇದು ವರವೇ. ಬಗ್ಗಬೇಕಿಲ್ಲ, ತಲೆ ತಗ್ಗಿಸಬೇಕಿಲ್ಲ, ಸೀಟಿಗೆ ಬೆನ್ನು ಕೊಟ್ಟು ಕೂತು ಕಾಲು ಒಳಗೆಳೆದುಕೊಂಡರೆ ಮುಗಿಯಿತು.

ಪಕ್ಕದ ಕಾರು ಹತ್ತಿರ ನಿಂತಿದ್ದರೆ ತೆರೆಯುತ್ತದೆಯೇ?

ತೆರೆಯುತ್ತದೆ. ಪಕ್ಕದಲ್ಲಿ ಸುಮಾರು 30 ಸೆಂಟಿಮೀಟರ್ ಇದ್ದರೆ ಸಾಕು ಎಂಬುದು ಈ ಬಾಗಿಲಿನ ಹೆಗ್ಗಳಿಕೆ, ಅದು ಸುಳ್ಳಲ್ಲ. ಆದರೆ ತಮಾಷೆ ನೋಡಿ: ಹಿಂದಿನ ಬಾಗಿಲು 30 ಸೆಂಟಿಮೀಟರಿನಲ್ಲಿ ತೆರೆದುಕೊಂಡರೂ ಓಡಿಸುವವರ ಬಾಗಿಲು ಎಲ್ಲ ಕಾರುಗಳಂತೆ ಪಕ್ಕಕ್ಕೇ ತೆರೆಯುತ್ತದೆ. 30 ಸೆಂಟಿಮೀಟರಿನಲ್ಲಿ ಮಕ್ಕಳು ಇಳಿದು ಬರುತ್ತಾರೆ, ನೀವು ಒಳಗೇ ಉಳಿಯುತ್ತೀರಿ.

ಕಾರೂ ಸಣ್ಣದಲ್ಲ. ಉದ್ದ 5 ಮೀಟರಿಗಿಂತ ಸ್ವಲ್ಪ ಹೆಚ್ಚು, ಕನ್ನಡಿ ಬಿಟ್ಟು ಅಗಲ ಹೆಚ್ಚುಕಡಿಮೆ 2 ಮೀಟರ್, ಕನ್ನಡಿ ಸೇರಿಸಿದರೆ 2.27 ಮೀಟರ್. ಹಾಗಾಗಿ ಬಾಗಿಲು ತೆರೆಯುವುದೇ ಎನ್ನುವುದಕ್ಕಿಂತ ಮೊದಲು ಕಾರು ನಿಲ್ಲುವುದೇ ಎಂದು ಅಳೆದುಕೊಳ್ಳಿ.

ಚಾವಣಿ ತಗ್ಗಿದ್ದರೆ?

ಇದೇ ಅಸಲು ಪ್ರಶ್ನೆ. ಜನ ಪಕ್ಕದ ಜಾಗದ ಬಗ್ಗೆ ಚಿಂತಿಸುತ್ತಾರೆ, ಮೇಲಿನ ಜಾಗವನ್ನು ಮರೆಯುತ್ತಾರೆ. ಸುಮಾರು 1.68 ಮೀಟರ್ ಎತ್ತರದ ಕಾರಿನ ಮೇಲೆ ರೆಕ್ಕೆ ಪೂರ್ತಿ ಬಿಚ್ಚಿದಾಗ ಅದು ಎತ್ತರದ ಮನುಷ್ಯನ ತಲೆಯನ್ನೂ ದಾಟಿ ಹೋಗುತ್ತದೆ. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ತೊಲೆ, ನೀರಿನ ಪೈಪು, ಕೇಬಲ್ ಹಾಸಿದ ತಟ್ಟೆ, ಮೇಲಕ್ಕೆ ಸುರುಳಿಯಾಗುವ ಗ್ಯಾರೇಜ್ ಬಾಗಿಲಿನ ಹಳಿ ಇವೆಲ್ಲ ಇರುತ್ತವೆ. ಸಪಾಟು ಚಾವಣಿಯನ್ನು ಸೆನ್ಸರ್ ಸುಲಭವಾಗಿ ಕಾಣುತ್ತದೆ. ತೆಳ್ಳಗಿನ ಪೈಪನ್ನೋ ಮೂಲೆಯಲ್ಲಿ ಚಾಚಿದ ಕಬ್ಬಿಣದ ಪಟ್ಟಿಯನ್ನೋ ಕಾಣದೇ ಹೋಗಬಹುದು. ಸೆನ್ಸರನ್ನೇ ನಂಬಿ ಕೂರಬೇಡಿ ಎಂದು ಮಾಲೀಕರ ಕೈಪಿಡಿಯೂ ಎಚ್ಚರಿಸುತ್ತದೆ.

ಪರಿಹಾರ ಸುಲಭ. ಬಾಗಿಲು ಏಳುತ್ತಿರುವಾಗ ಬೇಕಾದ ಎತ್ತರದಲ್ಲಿ ನಿಲ್ಲಿಸಿ, ಆ ಎತ್ತರವನ್ನು ಉಳಿಸಿಕೊಳ್ಳಬಹುದು. ಕಾರು ಆ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಸಲ ಅಲ್ಲಿ ಅಷ್ಟೇ ತೆರೆಯುತ್ತದೆ. ಆದರೆ ಜಾಗ ಗುರುತಿಸುವುದು ಉಪಗ್ರಹದ ಸಂಕೇತದಿಂದ, ನೆಲದಡಿಯಲ್ಲಿ ಅದು ಮಂಕಾಗುತ್ತದೆ. ಮಹಡಿ ಮೇಲೆ ಮಹಡಿ ಇರುವ ಪಾರ್ಕಿಂಗ್‌ನಲ್ಲಿ ಯಾವ ಮಹಡಿ ಎಂಬುದೂ ಅದಕ್ಕೆ ತಿಳಿಯಬೇಕಲ್ಲ. ಹೊಸ ಜಾಗದಲ್ಲಿ ಮೊದಲ ಕೆಲವು ಸಲವಾದರೂ ಬೆರಳು ಗುಂಡಿಯ ಮೇಲೆ, ಕಣ್ಣು ಚಾವಣಿಯ ಮೇಲೆ ಇರಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಚಾವಣಿ ಇದ್ದಷ್ಟು ರೆಕ್ಕೆ.

ಎತ್ತರ ತಗ್ಗಿಸಿದರೆ ಇನ್ನೊಂದು ಫಜೀತಿ: ಬಾಗಿಲಿನ ಕೆಳಅಂಚು ಸರಿಯಾಗಿ ದೊಡ್ಡವರ ಹಣೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಮಕ್ಕಳು ಅಡಿಯಲ್ಲಿ ನುಸುಳಿ ಓಡುತ್ತಾರೆ, ಹಿಂದೆ ಬಂದ ಅಪ್ಪನಿಗೆ ಏಟು.

ಮಗುವಿನ ಬೆರಳು ಸಿಕ್ಕಿಕೊಂಡರೆ?

ಅಡ್ಡಿ ಸಿಕ್ಕರೆ ಬಾಗಿಲು ನಿಲ್ಲಬೇಕು, ಹಿಂದಕ್ಕೆ ಸರಿಯಬೇಕು. ವ್ಯವಸ್ಥೆ ಇರುವುದೇ ಅದಕ್ಕೆ. ಆದರೆ 2016ರಲ್ಲಿ ಬಾಗಿಲಿನ ಅಂಚಿಗೆ ತರಕಾರಿ ಹಿಡಿದು ಪರೀಕ್ಷಿಸಿದ ವಿಡಿಯೋಗಳು ಎಲ್ಲೆಡೆ ಹರಿದಾಡಿದವು, ಕೆಲವದರಲ್ಲಿ ತರಕಾರಿ ತುಂಡಾಯಿತು. ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟ್‌ಗಳಲ್ಲಿ ಬಾಗಿಲಿನ ವರ್ತನೆ ಹಲವು ಸಲ ಬದಲಾಗಿದೆ. ಹಾಗೆಂದು ನಿಮ್ಮ ಕಾರಿನಲ್ಲಿ ಬೆರಳಿಟ್ಟು ಪರೀಕ್ಷಿಸಲು ಹೋಗಬೇಡಿ.

ಮನೆಯಲ್ಲಿ ಒಂದೇ ನಿಯಮ ಸಾಕು: ಬಾಗಿಲು ಮುಚ್ಚುವ ಗುಂಡಿ ಒತ್ತುವವರು ದೊಡ್ಡವರು, ಒತ್ತುವಾಗ ಬಾಗಿಲನ್ನು ನೋಡುತ್ತಿರಬೇಕು. ಓಡಿಸುವವರು ಮುಂದೆ ಕೂತು ಸ್ಕ್ರೀನಿನಿಂದಲೇ ಹಿಂದಿನ ಬಾಗಿಲು ಮುಚ್ಚಬಹುದು, ಅನುಕೂಲವೂ ಹೌದು. ಅಪಾಯವಿರುವುದೂ ಅಲ್ಲೇ, ಏಕೆಂದರೆ ಮುಂದಿನ, ಹಿಂದಿನ ಬಾಗಿಲುಗಳ ನಡುವಿನ ಕಂಬದ ಹಿಂದೆ ಯಾರ ಕೈ ಎಲ್ಲಿದೆ ಎಂದು ಮುಂದಿನ ಸೀಟಿನಿಂದ ಕಾಣುವುದಿಲ್ಲ. ಚೈಲ್ಡ್ ಲಾಕ್ ಇರುವುದು ಸ್ಕ್ರೀನಿನಲ್ಲಿ. ಅದನ್ನು ಹಾಕಿದರೆ ಹಿಂದಿನವರು ಒಳಗಿನ ಗುಂಡಿ ಒತ್ತಿದರೂ ಬಾಗಿಲು ತೆರೆಯುವುದಿಲ್ಲ. ಗುಂಡಿ ಕಂಡರೆ ಒತ್ತಲೇಬೇಕು ಎನ್ನುವ ವಯಸ್ಸಿನ ಮಕ್ಕಳಿದ್ದರೆ ಕಾರು ಮನೆಗೆ ಬಂದ ದಿನವೇ ಹಾಕಿಬಿಡಿ.

ಕರೆಂಟ್ ಕೈಕೊಟ್ಟರೆ ಹಿಂದಿನವರು ಹೊರಬರುವುದು ಹೇಗೆ?

ಈ ಉತ್ತರವನ್ನು ಮನೆಮಂದಿಗೆಲ್ಲ ಓದಿ ಹೇಳಿ. ರೆಕ್ಕೆ ಬಾಗಿಲು ವಿದ್ಯುತ್ತಿಲ್ಲದೆ ತಾನಾಗಿ ಏಳುವುದಿಲ್ಲ. ಒಳಗೆ ಕೂತವರು ಹೀಗೆ ಮಾಡಬೇಕು: ಬಾಗಿಲಿನ ಕೆಳಭಾಗದಲ್ಲಿರುವ ಸ್ಪೀಕರಿನ ಜಾಲರಿಯನ್ನು ಕಿತ್ತು ತೆಗೆಯಬೇಕು. ಒಳಗೆ ಒಂದು ಕೇಬಲ್ ಇದೆ. ಅದನ್ನು ಕೆಳಕ್ಕೂ ಕಾರಿನ ಮುಂಭಾಗದ ಕಡೆಗೂ ಎಳೆದರೆ ಚಿಲಕ ಬಿಡುತ್ತದೆ. ಆಮೇಲೆ ಬಾಗಿಲನ್ನು ಕೈಯಿಂದ ಮೇಲೆತ್ತಬೇಕು.

ಇದು ಒಳ್ಳೆಯ ವಿನ್ಯಾಸ ಎಂದು ನಾನು ಹೇಳಲಾರೆ. ಗಾಬರಿಯಲ್ಲಿ, ಕತ್ತಲಲ್ಲಿ, ಸ್ಪೀಕರ್ ಜಾಲರಿಯ ಹಿಂದೆ ತಂತಿ ಇದೆ ಎಂದು ಯಾರಿಗೆ ಹೊಳೆಯುತ್ತದೆ? ಪುಟ್ಟ ಮಕ್ಕಳಿಂದ ಇದು ಆಗದ ಮಾತು. ಬಾಗಿಲೂ ಹಗುರವಲ್ಲ. ಹಾಗಾಗಿ ಕಾರು ನಿಂತಿರುವಾಗ ಒಂದು ಬಿಡುವಿನ ದಿನ ಜಾಲರಿ ಎಲ್ಲಿದೆ, ಯಾವ ಅಂಚಿನಿಂದ ಏಳುತ್ತದೆ ಎಂದು ಬೆರಳಾಡಿಸಿ ನೋಡಿಕೊಳ್ಳಿ. ಸೀಟ್ ಬೆಲ್ಟ್ ಕತ್ತರಿಸಿ ಗಾಜು ಒಡೆಯುವ ಪುಟ್ಟ ಉಪಕರಣವೊಂದು ಮುಂದಿನವರ ಕೈಗೆಟುಕುವಂತಿರಲಿ. ಆದರೆ ಎರಡು ಪದರದ ಗಾಜಿದ್ದರೆ ಅದು ಸುಲಭಕ್ಕೆ ಒಡೆಯುವುದಿಲ್ಲ. ಮುಂದಿನ ಬಾಗಿಲು ತೆರೆದು, ಸೀಟುಗಳ ನಡುವೆ ಮಕ್ಕಳನ್ನು ಮುಂದಕ್ಕೆಳೆದುಕೊಳ್ಳುವುದೇ ಎಷ್ಟೋ ಸಲ ಬೇಗನೆ ಆಗುವ ದಾರಿ.

ಕಾರು ಮಗುಚಿದರೆ?

ಮೇಲೆ ತೆರೆಯುವ ಬಾಗಿಲಿರುವ ಎಲ್ಲ ಕಾರುಗಳಿಗೂ ಇರುವ ಪ್ರಶ್ನೆ ಇದು. 2010ರಲ್ಲಿ ಬಂದ ಮರ್ಸಿಡಿಸ್ ಎಸ್‌ಎಲ್‌ಎಸ್ ಎಎಮ್‌ಜಿ ಕಾರಿನಲ್ಲಿ, ಮಗುಚಿದಾಗ ಬಾಗಿಲು ಕಳಚಿ ಬೀಳಲೆಂದು ಕೀಲಿನಲ್ಲೇ ಪುಟ್ಟ ಸ್ಫೋಟಕ ಇಟ್ಟಿದ್ದರು. ಮಾಡೆಲ್ ಎಕ್ಸ್‌ನಲ್ಲಿ ಮುಂದಿನ ಎರಡೂ ಬಾಗಿಲು ಸಾಮಾನ್ಯವಾದವೇ, ಜೊತೆಗೆ ಹಿಂದೆ ಡಿಕ್ಕಿಯ ಬಾಗಿಲೂ ಇದೆ. ಇನ್ನೊಂದು ಮಾತು: ಭಾರವಾದ ಬ್ಯಾಟರಿ ನೆಲದಡಿ ಇರುವುದರಿಂದ ಈ ಕಾರು ಮಗುಚುವುದೇ ಕಷ್ಟ. 2017ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಪರೀಕ್ಷೆಯಲ್ಲಿ ಎಲ್ಲ ವಿಭಾಗಗಳಲ್ಲೂ ಐದು ನಕ್ಷತ್ರ ಪಡೆದ ಮೊದಲ ಎಸ್‌ಯುವಿ ಇದು. ಮಗುಚುವ ಸಾಧ್ಯತೆಯೂ ಆ ವಿಭಾಗಗಳಲ್ಲಿ ಒಂದು.

ಮಳೆ, ಹಿಮ ಬಂದರೆ ಬಾಗಿಲು ಕೊಡೆಯಾಗುತ್ತದಂತೆ?

ನಿಂತವರಿಗೆ ಕೊಡೆ, ಸೀಟಿಗೆ ಅಲ್ಲ. ಬಾಗಿಲಿನ ಜೊತೆ ಚಾವಣಿಯ ತುಂಡೂ ಏಳುವುದರಿಂದ ಗಾಳಿಮಳೆ ಇದ್ದರೆ ನೀರು ನೇರ ಒಳಗೆ ಬೀಳುತ್ತದೆ. ಚಾವಣಿಯ ಮೇಲೆ ಹಿಮ ಕೂತಿದ್ದರೆ ತೆರೆಯುವ ಮುನ್ನ ಗುಡಿಸಿ, ಇಲ್ಲದಿದ್ದರೆ ಅದು ಮಗುವಿನ ತೊಡೆಯ ಮೇಲೆ ಬರುತ್ತದೆ. ರಬ್ಬರ್ ಸೀಲಿಗೆ ಮಂಜುಗಡ್ಡೆ ಹಿಡಿದಿದ್ದರೆ ಫೋನಿನಿಂದ ಕಾರನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳಿ, ಬಾಗಿಲನ್ನು ಬಲವಂತವಾಗಿ ಎಳೆಯಬೇಡಿ.

ಆ ಸೀಲುಗಳು ಉದ್ದವೂ ಹೌದು, ಅಂಕುಡೊಂಕೂ ಹೌದು. ವರ್ಷಕ್ಕೆ ಒಂದೆರಡು ಸಲ ಒರೆಸಿ, ಸಿಲಿಕೋನ್ ಲೇಪ ಹಚ್ಚಿದರೆ ಕಿರಗುಟ್ಟುವುದು ಕಡಿಮೆಯಾಗುತ್ತದೆ.

ಮೇಲೆ ಕ್ಯಾರಿಯರ್ ಕಟ್ಟಬಹುದೇ? ಸೈಕಲ್ ಒಯ್ಯುವುದು ಹೇಗೆ?

ಕಟ್ಟುವಂತಿಲ್ಲ. ಚಾವಣಿಯೇ ಬಾಗಿಲಾದ ಮೇಲೆ ಸಾಮಾನು ಎಲ್ಲಿ ಕಟ್ಟುತ್ತೀರಿ? ಸೈಕಲ್‌ಗೆ ಹಿಂದಿನ ಹಿಚ್, ಅಂದರೆ ಟ್ರೇಲರ್ ಸಿಕ್ಕಿಸುವ ಕೊಂಡಿ, ಒಂದೇ ದಾರಿ. ಎಳೆಯುವ ಶಕ್ತಿಗೇನೂ ಕೊರತೆಯಿಲ್ಲ, ಸುಮಾರು 2,250 ಕಿಲೋ ತನಕ ಎಳೆಯುತ್ತದೆ. ಆದರೆ ಎತ್ತರದ ಟ್ರೇಲರ್ ಕಟ್ಟಿಕೊಂಡು ಹೆದ್ದಾರಿಯಲ್ಲಿ ಹೋದರೆ ರೇಂಜ್, ಅಂದರೆ ಒಂದು ಚಾರ್ಜಿನಲ್ಲಿ ಓಡುವ ದೂರ, ಅರ್ಧಕ್ಕಿಳಿಯುವುದು ಅಪರೂಪವಲ್ಲ.

ಐದು, ಆರು, ಏಳು ಸೀಟು: ಯಾವುದು?

ಮಕ್ಕಳು ಎರಡೋ ಮೂರೋ ಇದ್ದು ಆಗಾಗ ಅಜ್ಜ ಅಜ್ಜಿ ಜೊತೆಗಿರುತ್ತಾರೆ ಎಂದಾದರೆ ಆರು. ನಡುವೆ ಓಣಿ ಸಿಗುತ್ತದೆ, ಮಕ್ಕಳು ಒಳಗಿನಿಂದಲೇ ಹಿಂದಕ್ಕೆ ನಡೆದು ಹೋಗುತ್ತಾರೆ. ಕೊರತೆ ಏನೆಂದರೆ ಆರರ ನಡುಸೀಟುಗಳು ಮಡಚಿ ಸಪಾಟಾಗುವುದಿಲ್ಲ. ಉದ್ದದ ಪೆಟ್ಟಿಗೆ, ಪೀಠೋಪಕರಣ ಒಯ್ಯುವವರಿಗೆ ಐದೇ ಸರಿ. ಮೂರನೆಯ ಸಾಲು ಮಕ್ಕಳದ್ದು. ದೊಡ್ಡವರು ಅಲ್ಲಿ ಕೂರುತ್ತಾರೆ, ಆದರೆ ಅರ್ಧ ಗಂಟೆಯಾದ ಮೇಲೆ ಮಾತು ನಿಲ್ಲಿಸುತ್ತಾರೆ.

ರೇಂಜ್ ನಿಜವಾಗಿ ಎಷ್ಟು?

ಸುಮಾರು 100 ಕಿಲೋವ್ಯಾಟ್ ಗಂಟೆಯ ಬ್ಯಾಟರಿ ಇರುವ ಈಚಿನ ಎರಡು ಮೋಟಾರಿನ ಕಾರಿಗೆ ಅಮೆರಿಕದ ಪರೀಕ್ಷೆಯಲ್ಲಿ ಸಿಕ್ಕಿರುವ ಅಂಕಿ ಸುಮಾರು 560 ಕಿಲೋಮೀಟರ್. ಮೊದಲ ವರ್ಷಗಳ 90ಡಿ ಎಂಬ ಆವೃತ್ತಿಗೆ ಇದ್ದದ್ದು ಸುಮಾರು 410. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಆದ್ದರಿಂದ ಊರೊಳಗೆ ನಿಧಾನಕ್ಕೆ ಓಡಿಸುವವರಿಗೂ ಹೆದ್ದಾರಿಯಲ್ಲಿ 120ರಲ್ಲಿ ಹೋಗುವವರಿಗೂ ಒಂದೇ ಲೆಕ್ಕ ಹೊಂದುವುದಿಲ್ಲ. ಚಳಿಯಲ್ಲಿ ಹೀಟರ್ ಬೇರೆ ತಿನ್ನುತ್ತದೆ. ಮಕ್ಕಳ ಜೊತೆ ದೂರ ಹೋಗುವಾಗ ಕಾಗದದ ಅಂಕಿಯ ಮೂರನೆಯ ಎರಡು ಭಾಗವನ್ನೇ ಹಿಡಿದು ಲೆಕ್ಕ ಹಾಕಿ. ಅಷ್ಟು ಹೊತ್ತಿಗೆ ಹಿಂದಿನ ಸೀಟಿನವರ ಮೂತ್ರಕೋಶದ ರೇಂಜ್ ಹೇಗೂ ಮುಗಿದಿರುತ್ತದೆ.

ದಿನವೂ ಶೇಕಡಾ 100ಕ್ಕೆ ಚಾರ್ಜ್ ಮಾಡಬಹುದೇ?

ಬೇಡ. ದಿನನಿತ್ಯಕ್ಕೆ 80ರ ಆಸುಪಾಸು ಸಾಕು, ದೂರದ ಪ್ರಯಾಣದ ಹಿಂದಿನ ರಾತ್ರಿ 100. ಮನೆಯಲ್ಲಿ 11 ಕಿಲೋವ್ಯಾಟ್ ಚಾರ್ಜರ್ ಇದ್ದರೆ ಪೂರ್ತಿ ಖಾಲಿಯಾದದ್ದೂ ಒಂಬತ್ತು ಹತ್ತು ಗಂಟೆಯಲ್ಲಿ ತುಂಬುತ್ತದೆ. ಸಾಮಾನ್ಯ ಗೋಡೆಯ ಪ್ಲಗ್ಗಿನಿಂದ, ಅಂದರೆ 2 ಕಿಲೋವ್ಯಾಟ್‌ನಲ್ಲಿ, ಎರಡು ದಿನವಾದರೂ ಬೇಕು. ಟೆಸ್ಲಾದ ವೇಗದ ಚಾರ್ಜಿಂಗ್ ಕೇಂದ್ರವಾದ ಸೂಪರ್‌ಚಾರ್ಜರ್ 250 ಕಿಲೋವ್ಯಾಟ್ ತನಕ ಕೊಡುತ್ತದಾದರೂ ಅದು ಬ್ಯಾಟರಿ ಖಾಲಿ ಇದ್ದು ಬೆಚ್ಚಗಿರುವಾಗಿನ ಮಾತು. 80 ದಾಟಿದ ಮೇಲೆ ವೇಗ ತೆವಳುತ್ತದೆ, ಹೊರಟುಬಿಡುವುದು ಲೇಸು.

ಟೈರ್ ಬೇಗ ಸವೆಯುತ್ತದೆಯಂತೆ, ಹೌದೇ?

ಹೌದು. ಕಾರಿನ ತೂಕವೇ 2,300 ಕಿಲೋ ದಾಟುತ್ತದೆ, ಮೇಲೆ ಆ ಎಳೆತ. ಸಾಲದ್ದಕ್ಕೆ ಮುಂದಿನ ಟೈರಿಗಿಂತ ಹಿಂದಿನದು ಅಗಲ, ಹಾಗಾಗಿ ಮುಂದಿನದನ್ನು ಹಿಂದಕ್ಕೆ ಹಾಕಿ ಸವೆತ ಸರಿದೂಗಿಸುವ ಹಾಗಿಲ್ಲ. ಕಾರಿನ ಎತ್ತರವನ್ನು ಏರಿಸಿ ಇಳಿಸುವ ಏರ್ ಸಸ್ಪೆನ್ಶನ್ ಸದಾ ತಗ್ಗಿನಲ್ಲೇ ಇಟ್ಟರೆ ಚಕ್ರ ಒಳಕ್ಕೆ ವಾಲಿ ಹಿಂದಿನ ಟೈರಿನ ಒಳಅಂಚು ಕಣ್ಣಿಗೆ ಕಾಣದಂತೆ ಬೋಳಾಗುತ್ತದೆ. ಹೊರಗಿನಿಂದ ನೋಡಿ ಚೆನ್ನಾಗಿದೆ ಅಂದುಕೊಳ್ಳಬೇಡಿ, ಬಗ್ಗಿ ಒಳಗೆ ಕೈಯಾಡಿಸಿ. 22 ಇಂಚಿನ ಚಕ್ರ ಚೆಂದ, ಆದರೆ ಗುಂಡಿ ಬಿದ್ದ ರಸ್ತೆಗೆ 20 ಇಂಚಿನದೇ ಸರಿ.

ಹಳೆಯ ಕಾರು ಕೊಳ್ಳುವಾಗ ಏನು ನೋಡಬೇಕು?

ಮೊದಲು ಸ್ವಲ್ಪ ಇತಿಹಾಸ. 2012ರ ಫೆಬ್ರುವರಿಯಲ್ಲಿ ಮಾದರಿ ತೋರಿಸಿದರು, ಕಾರು ಜನರ ಕೈಗೆ ಬಂದದ್ದು 2015ರ ಸೆಪ್ಟೆಂಬರ್ ಕೊನೆಯಲ್ಲಿ. ತಡವಾಗಲು ದೊಡ್ಡ ಕಾರಣಗಳಲ್ಲಿ ಬಾಗಿಲೂ ಒಂದು. ಮೊದಲು ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ಏಳುವ ಬಾಗಿಲು ಎಂದು ಹೊರಟು, ಎಣ್ಣೆ ಸೋರಿಕೆ ಮತ್ತು ಬಿಸಿಯ ತಕರಾರೆದ್ದು, ಕೊನೆಗೆ ವಿದ್ಯುತ್ ಮೋಟಾರಿಗೆ ಬದಲಾಯಿಸಿದರು. ಬಾಗಿಲಿನ ಸರಬರಾಜುದಾರರ ಜೊತೆ 2016ರಲ್ಲಿ ಕೋರ್ಟಿಗೂ ಹೋಗಿ ಅದೇ ವರ್ಷ ರಾಜಿಯಾಯಿತು. ಒಂದೇ ಕಾರಿಗೆ ಅತಿಯಾಗಿ ಹೊಸತನ್ನು ತುರುಕಿದ್ದು ತಪ್ಪಾಯಿತು ಎಂದು ಇಲಾನ್ ಮಸ್ಕ್ ಅವರೇ ಒಪ್ಪಿಕೊಂಡಿದ್ದಾರೆ. ಹಾಗಾಗಿ ಮೊದಲ ಒಂದೂವರೆ ವರ್ಷದ ಕಾರುಗಳ ವಿಷಯದಲ್ಲಿ ಹೆಚ್ಚು ಹುಷಾರಾಗಿರಿ.

ದೋಷ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆಯುವುದಕ್ಕೆ ರೀಕಾಲ್ ಅನ್ನುತ್ತಾರೆ. ಅಂಥ ಮೂರು ರೀಕಾಲ್‌ಗಳ ಕೆಲಸ ಮುಗಿದಿದೆಯೇ ಎಂದು ದಾಖಲೆ ಕೇಳಿ: 2016ರ ಏಪ್ರಿಲ್‌ನಲ್ಲಿ ಸುಮಾರು 2,700 ಕಾರುಗಳ ಮೂರನೆಯ ಸಾಲಿನ ಸೀಟಿನ ಚಿಲಕ, 2017ರಲ್ಲಿ ಸುಮಾರು 11,000 ಕಾರುಗಳ ಎರಡನೆಯ ಸಾಲಿನ ಸೀಟಿನ ಕೇಬಲ್, 2020ರಲ್ಲಿ ಆರಂಭದ ಸುಮಾರು 15,000 ಕಾರುಗಳ ಪವರ್ ಸ್ಟೀರಿಂಗ್ ಬೋಲ್ಟ್.

ಆಮೇಲೆ ಬಾಗಿಲು. ಬಿಸಿಲಲ್ಲಿ ನಿಂತ ಕಾರನ್ನು ನೋಡಿ, ಸಾಧ್ಯವಾದರೆ ಮಳೆ ಬಂದ ಮಾರನೆಯ ದಿನವೂ ನೋಡಿ. ಎರಡೂ ರೆಕ್ಕೆ ಐದು ಸಲ ತೆರೆದು ಮುಚ್ಚಿ. ಎರಡೂ ಒಂದೇ ವೇಗದಲ್ಲಿ ಏಳಬೇಕು, ಅರ್ಧದಲ್ಲಿ ಯೋಚನೆ ಮಾಡುತ್ತ ನಿಲ್ಲಬಾರದು. ಮುಚ್ಚಿದ ಮೇಲೆ ಸಂದು ಎರಡೂ ಬದಿಗೆ ಒಂದೇ ಸಮ ಇದೆಯೇ, ಚಾವಣಿಯ ಅಂಚು ಎದ್ದಿದೆಯೇ, ಒಳಗೆ ಬಟ್ಟೆಯ ಮೇಲೆ ನೀರಿನ ಕಲೆ ಇದೆಯೇ ನೋಡಿ. ಹೆದ್ದಾರಿಯಲ್ಲಿ ನಡುಸಾಲಿನಲ್ಲಿ ಕೂತು ಕಿವಿಗೊಡಿ, ಗಾಳಿ ಸಿಳ್ಳೆ ಹಾಕಿದರೆ ಸೀಲೋ ಜೋಡಣೆಯೋ ಕೆಟ್ಟಿದೆ. ನಿಂತಲ್ಲಿಂದ ಜೋರಾಗಿ ಎಳೆದಾಗ ಮುಂಭಾಗ ನಡುಗಿದರೆ ಮುಂದಿನ ಆಕ್ಸಲ್ ದಂಡ ಸವೆದಿರಬಹುದು, ಈ ಕಾರಿನಲ್ಲಿ ಅದು ಚಿರಪರಿಚಿತ ದೂರು.

ಬ್ಯಾಟರಿಗೆ 8 ವರ್ಷ ಅಥವಾ 2,40,000 ಕಿಲೋಮೀಟರ್ ವಾರಂಟಿ ಉಂಟು, ಈಚಿನ ಕಾರುಗಳಿಗೆ. ಬಾಗಿಲಿನ ಮೋಟಾರು, ಸೆನ್ಸರು ಬರುವುದು 4 ವರ್ಷದ ಸಾಮಾನ್ಯ ವಾರಂಟಿಯಲ್ಲಿ. ಅದು ಮುಗಿದ ಕಾರು ಅಗ್ಗಕ್ಕೆ ಸಿಕ್ಕಿದರೆ ಹಿಗ್ಗುವ ಮೊದಲು ಒಂದು ಬಾಗಿಲಿನ ರಿಪೇರಿ ಖರ್ಚು ಕೇಳಿ ತಿಳಿದುಕೊಳ್ಳಿ. ಮುಂದಿನ ಗಾಜಿನದೂ ಕೇಳಿ, ಅದು ಮುಂದೆ ಕೂತವರ ತಲೆಯ ಮೇಲಿನವರೆಗೆ ಹಬ್ಬಿರುವ ಒಂದೇ ಹಾಳೆ.

ಬೇರೆ ವಿಚಿತ್ರ ಬಾಗಿಲಿನ ಎಲೆಕ್ಟ್ರಿಕ್ ಎಸ್‌ಯುವಿಗಳಿಲ್ಲವೇ?

ಇವೆ. ಮಾಜ್ದಾ ಎಮ್‌ಎಕ್ಸ್-30ರ ಹಿಂದಿನ ಬಾಗಿಲು ಹಿಮ್ಮುಖವಾಗಿ ತೆರೆಯುತ್ತದೆ, ಆದರೆ ಮುಂದಿನ ಬಾಗಿಲು ತೆರೆಯದೆ ಅದು ತೆರೆಯದು. ಮಗುವನ್ನು ಇಳಿಸಬೇಕಾದರೆ ಮುಂದೆ ಕೂತವರು ಮೊದಲು ಬೆಲ್ಟ್ ಬಿಚ್ಚಬೇಕು. 35.5 ಕಿಲೋವ್ಯಾಟ್ ಗಂಟೆಯ ಬ್ಯಾಟರಿಗೆ 200 ಕಿಲೋಮೀಟರ್ ರೇಂಜು, ಸಂಸಾರದ ಒಂದೇ ಕಾರಾಗಿ ಸಾಲದು. ಚೀನಾದ ಹೈಫೈ ಎಕ್ಸ್ ಹಿಂದೆ ಹಿಮ್ಮುಖ ಬಾಗಿಲನ್ನೂ ಅದರ ಮೇಲೆ ಚಾವಣಿಯಲ್ಲಿ ರೆಕ್ಕೆಯನ್ನೂ ಒಟ್ಟಿಗೆ ಇಟ್ಟಿತು. ಅದರ ಕಂಪನಿ 2024ರಲ್ಲಿ ಉತ್ಪಾದನೆ ನಿಲ್ಲಿಸಿತು. ಸಾಮಾನ್ಯ ಬಾಗಿಲಾದರೆ ಯಾರಾದರೂ ಮೆಕ್ಯಾನಿಕ್ ಹೇಗೋ ಕೂರಿಸಿಕೊಡುತ್ತಾನೆ. ಇಂಥ ಬಾಗಿಲಿನ ಬಿಡಿಭಾಗ, ಸಾಫ್ಟ್‌ವೇರ್ ಎರಡೂ ಬೇಕೆಂದರೆ ತಯಾರಕರು ಬದುಕಿರಬೇಕು.

ಕಾರು ತೊಳೆಯುವಾಗ ಏನಾದರೂ ಎಚ್ಚರ?

ಕೀ ಜೇಬಿನಲ್ಲಿಟ್ಟುಕೊಂಡು ತೊಳೆಯಬೇಡಿ. ನೀವು ಹತ್ತಿರ ಬಂದಿರೆಂದು ಓಡಿಸುವವರ ಬಾಗಿಲು ತಾನಾಗಿ ತೆರೆದು ಸ್ವಾಗತಿಸುತ್ತದೆ, ಕೈಯಲ್ಲಿ ನೀರಿನ ಪೈಪು ಇರುತ್ತದೆ.

ಬಾಗಿಲು ಕುಣಿಯುತ್ತದಂತೆ?

ಕುಣಿಯುತ್ತದೆ. 2016ರ ಡಿಸೆಂಬರ್‌ನಲ್ಲಿ ಅಪ್‌ಡೇಟ್ ಮೂಲಕ ಬಂದ ಆಟ ಅದು. ಹಾಡಿಗೆ ದೀಪ ಮಿಣುಕುತ್ತವೆ, ರೆಕ್ಕೆಗಳು ಬಡಿಯುತ್ತವೆ. ಮಕ್ಕಳಿಗೆ ಒಮ್ಮೆ ತೋರಿಸಿದರೆ ಮತ್ತೆ ಮತ್ತೆ ಕೇಳುತ್ತಾರೆ. ಎರಡೂ ಪಕ್ಕ ಯಾರೂ ನಿಂತಿಲ್ಲದಾಗ, ಮೇಲೆ ಆಕಾಶ ಬಿಟ್ಟರೆ ಬೇರೇನೂ ಇಲ್ಲದ ಕಡೆ ಮಾತ್ರ ತೋರಿಸಿ.